‘ಡಿಸ್ಮಲ್’ ಪದದ ತಪ್ಪು ಪಾಠದ ಕುರಿತು ನನ್ನ ಕೊನೆಯ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಇದು ನನ್ನ ನಾಲ್ಕನೆಯ ದೂರು. ಮೊದಲಿನ ಮೂರನ್ನು ಫೋನಿನಲ್ಲಿ ಮರ್ಯಾದೆಯಿಂದಲೇ ಹೇಳಿದ್ದೆ. ಪಾಠದ ತಪ್ಪನ್ನು 15 ದಿನದೊಳಗೆ ತಿದ್ದಬೇಕೆಂಬುದು ನಿಮ್ಮದೇ ನಿಯಮ. ಇವತ್ತಿಗೆ 70 ದಿನವಾಯಿತು.

ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ ಓದುವ ಮೊಮ್ಮಗಳಿಗಾಗಿ 4,800 ರೂಪಾಯಿ ಕಟ್ಟಿ ನಿಮ್ಮ ಇಂಗ್ಲಿಷ್ ಆ್ಯಪ್ ಹಾಕಿಸಿದೆ. ಮಂಕು ಕವಿದ, ಕಳೆಗುಂದಿದ ಎಂಬರ್ಥದ ‘ಡಿಸ್ಮಲ್’ನಲ್ಲಿ ‘ಡಿಸ್’ ಪೂರ್ವಪ್ರತ್ಯಯ ಎಂದು ಅದು ಕಲಿಸುತ್ತದೆ. ಅಲ್ಲವೆಂದ ಮಗುವಿಗೆ ಕೆಂಪು ಗುರುತು. ‘ಅಜ್ಜ, ನೀವು ಹೇಳಿಕೊಟ್ಟದ್ದೇ ತಪ್ಪು’ ಎಂದಳು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು.

ಮೂರನೆಯ ಕರೆಯನ್ನು ನಾನು ಮರೆಯಲಾರೆ. ‘ಕನ್ನಡಕ್ಕಾಗಿ ಎರಡು ಒತ್ತಿ’ ಎಂದಿತು, ಒತ್ತಿದೆ. 22 ನಿಮಿಷ ಅದೇ ಸಂಗೀತ. ಆಮೇಲೆ ಬಂದ ಹುಡುಗಿ ಪಿನ್ ಕೋಡ್ ಕೇಳಿದಳು. 671 ಎನ್ನುವಷ್ಟರಲ್ಲಿ, ‘ಕೇರಳ ಅಲ್ವಾ? ಕನ್ನಡ ಯಾಕೆ ಒತ್ತಿದ್ರಿ?’ ಎಂದಳು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ನಮ್ಮ ಭಾಷೆ ಮನೆಯಲ್ಲೇ ಉಳಿಯಿತು ಎಂದೆ. ಉತ್ತರ ಕೊಡದೆ ಇನ್ನೊಬ್ಬನಿಗೆ ದಾಟಿಸಿದಳು. ಅವನು, ‘ಅಜ್ಜ, ಡಿಸ್ ಅಂದ್ರೆ ಇಲ್ಲ, ಮಲ್ ಅಂದ್ರೆ ಕೆಟ್ಟದ್ದು, ಅಷ್ಟೇ’ ಎಂದ. ಕೆಟ್ಟದ್ದು ಇಲ್ಲವೆಂದರೆ ಒಳ್ಳೆಯದಾಯಿತಲ್ಲ ಮಾರಾಯಾ, ಮಂಕು ಎಲ್ಲಿಂದ ಬಂತು ಎಂದೆ. ಒಂದು ಕ್ಷಣ ಸುಮ್ಮನಾದ. ಹಿಂದೆ ಯಾರೋ ನಕ್ಕದ್ದು ಕೇಳಿಸಿತು. ಮತ್ತೆ ಕೇಳಿದ: ‘ಈ ವಯಸ್ಸಿನಲ್ಲಿ ನಿಮಗೆ ಯಾವ ಪರೀಕ್ಷೆ ಇದೆ?’ ಫೋನ್ ಇಟ್ಟ. ಮೊಮ್ಮಗಳು ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

ಕೇಳಿ. ಲ್ಯಾಟಿನ್ನಿನ ‘ದಿಯೆಸ್ ಮಾಲಿ’, ಅಂದರೆ ಕೆಟ್ಟ ದಿನಗಳು, ಹಳೆಯ ಫ್ರೆಂಚಿನಲ್ಲಿ ‘ದಿಸ್ ಮಾಲ್’ ಆಗಿ ಇಂಗ್ಲಿಷಿಗೆ ಬಂತು. ‘ದಿಸ್’ ಎಂದರೆ ದಿನಗಳು. ಮಧ್ಯಯುಗದ ಯುರೋಪಿನ ಪಂಚಾಂಗಗಳಲ್ಲಿ ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ದಿನ ಅಶುಭ. ಮೂಲಾರ್ಥ ಮರೆತ ಜನ ‘ಡಿಸ್ಮಲ್ ಡೇಸ್’ ಎಂದು ದಿನವನ್ನು ಇನ್ನೊಮ್ಮೆ ಸೇರಿಸಿದರು, ನಾವು ‘ನಡು ಸೆಂಟರ್’ ಎನ್ನುವಂತೆ. ಹಾಗೆ ಅದು ವಿಶೇಷಣವಾಗಿ ಮಂಕಾದ ಹವೆಗೂ ಮೋರೆಗೂ ಅಂಟಿತು. ಆಟಿ ತಿಂಗಳಲ್ಲಿ ಮದುವೆ ಇಡದ, ಬಿಡದೆ ಸುರಿಯುವ ಮಳೆಗೆ ಹಗಲೇ ಕತ್ತಲಾಗುವ ನಮ್ಮೂರಿನ ಮಗುವಿಗೆ ಇದನ್ನು ಒಂದೇ ಮಾತಿನಲ್ಲಿ ಅರ್ಥ ಮಾಡಿಸಬಹುದಿತ್ತು. ನೀವು ಉರು ಹೊಡೆಸಿದಿರಿ, ಅದೂ ತಪ್ಪನ್ನು.

ಪಾಠ ತಿದ್ದಿ, ಕೆಂಪು ಗುರುತು ತೆಗೆದು, ಮೊಮ್ಮಗಳಿಗೆ ಕನ್ನಡದಲ್ಲೇ ಕ್ಷಮಾಪಣೆಯ ಪತ್ರ ಬರೆಯಬೇಕು. ಏಳು ದಿನ ಕಾಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೂರು ಕರೆಗಳ ತಾರೀಕು, ಹೊತ್ತು ಎಲ್ಲವನ್ನೂ ಬರೆದಿಟ್ಟಿದ್ದೇನೆ. ಎಂಟನೆಯ ದಿನ ಬೆಳಿಗ್ಗೆ ಕಾಸರಗೋಡಿನ ಬಸ್ಸು ಹತ್ತುತ್ತೇನೆ.

ಇತಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಬದಿಯಡ್ಕ