ಶುಗರ್ ನೋಡುವಾಗ ಅಂಗಾಲನ್ನೂ ನೋಡಿ

ಮಾನ್ಯ ಸಂಪಾದಕರೇ,

ಔಷಧ ಅಂಗಡಿಯಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ನನಗೆ ಪದೇ ಪದೇ ಕೇಳಿಬರುವ ಬೇಡಿಕೆ ‘ಕೈಕಾಲು ಜೋಮು ಹಿಡಿಯುತ್ತದೆ, ನರಕ್ಕೆ ಒಳ್ಳೆಯ ಮಾತ್ರೆ ಕೊಡಿ’ ಎಂಬುದು. ಕೇಳುವವರಲ್ಲಿ ಹೆಚ್ಚಿನವರು ಶುಗರ್ ಇರುವವರು. ಒಂದು ಪಟ್ಟಿ ಮಾತ್ರೆ ಒಯ್ಯುತ್ತಾರೆ, ಮುಗಿದ ಮೇಲೆ ಮತ್ತೆ ಬರುತ್ತಾರೆ. ಜೋಮು ಏಕೆ ಬಂತೆಂದು ವೈದ್ಯರಲ್ಲಿ ವಿಚಾರಿಸಿದವರು ಕಡಿಮೆ. ನರಗಳನ್ನು ಕಾಪಾಡುವುದು ಮುಖ್ಯವಾಗಿ ದಿನನಿತ್ಯದ ರೂಢಿಗಳೇ ಹೊರತು ಕೇಳಿ ಪಡೆಯುವ ಮಾತ್ರೆಯಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಆರೋಗ್ಯ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ.

ನಮ್ಮ ಶರೀರದಲ್ಲಿ ಅತಿ ಉದ್ದದ ನರಗಳು ಸೊಂಟದಿಂದ ಕಾಲ್ಬೆರಳಿನವರೆಗೆ ಹೋಗುವಂಥವು. ರಕ್ತದಲ್ಲಿ ಸಕ್ಕರೆ ಅಂಶ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ಹಾನಿ ಮೊದಲು ಕಾಣುವುದು ಈ ನರಗಳ ತುದಿಯಲ್ಲಿ, ಅಂದರೆ ಪಾದದಲ್ಲಿ. ಮೊದಮೊದಲು ಉರಿ, ಚುಚ್ಚಿದಂಥ ನೋವು ಇರುತ್ತದೆ. ಆಮೇಲೆ ಅದೂ ಇಲ್ಲವಾಗಿ ಪಾದ ಮರಗಟ್ಟುತ್ತದೆ. ಉರಿ ನಿಂತಾಗ ಗುಣವಾಯಿತೆಂದು ಸಮಾಧಾನಪಡುವವರಿದ್ದಾರೆ, ಅಪಾಯ ಹೆಚ್ಚುವುದೇ ಆಗ. ಹವಾಯಿ ಚಪ್ಪಲಿ ಕಾಲಿನಿಂದ ಜಾರಿಹೋದರೂ ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ನಡೆದುಬಿಡುವುದು ಇದರ ಸ್ಪಷ್ಟ ಲಕ್ಷಣ. ಮುಳ್ಳು ಚುಚ್ಚಿದ್ದು, ಹಂಡೆಯ ಬಿಸಿನೀರು ಸುಟ್ಟದ್ದು, ಮಧ್ಯಾಹ್ನದ ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸು ಬೊಬ್ಬೆ ಎಬ್ಬಿಸಿದ್ದು ಯಾವುದೂ ಅರಿವಿಗೆ ಬಾರದೆ, ಕೀವು ತುಂಬಿದ ಮೇಲೆ ಮನೆಯವರ ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ಶುಗರ್ ಇರುವವರು ರಾತ್ರಿ ಮಲಗುವ ಮುನ್ನ ಒಳ್ಳೆಯ ಬೆಳಕಿನಲ್ಲಿ ಅಂಗಾಲನ್ನೂ ಬೆರಳುಗಳ ಸಂದನ್ನೂ ನೋಡಿಕೊಳ್ಳಬೇಕು. ಬಗ್ಗಲಾಗದವರು ಕನ್ನಡಿ ಹಿಡಿಯಬಹುದು, ಇಲ್ಲವೇ ಮೊಮ್ಮಕ್ಕಳಿಗೆ ಹೇಳಿ ನೋಡಿಸಿಕೊಳ್ಳಬಹುದು. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಆದರೆ ಬೆರಳ ಸಂದಿಗೆ ಬೇಡ, ಅಲ್ಲಿ ಒಣಗಿದ್ದಷ್ಟೂ ಒಳ್ಳೆಯದು. ಚಳಿಗೆಂದು ಒಲೆಯ ಮುಂದೆ ಕಾಲು ಕಾಯಿಸುವುದನ್ನು ಇವರು ಪೂರ್ತಿ ಬಿಡಬೇಕು.

ಜೋಮಿಗೆ ಮತ್ತೊಂದು ಸಾಮಾನ್ಯ ಕಾರಣ ವಿಟಮಿನ್ ಬಿ12 ಕೊರತೆ. ನರಗಳ ಮೇಲಿನ ರಕ್ಷಾ ಹೊದಿಕೆಗೆ ಬೇಕಾದ ಈ ಸತ್ವ ಕಾಳು, ಸೊಪ್ಪು, ತರಕಾರಿಯಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೊಗ್ರಾಂ ಮಾತ್ರವಾದರೂ, ಅನ್ನ-ಸಾರಿನ ಜೊತೆ ನೀರು ಮಜ್ಜಿಗೆಯಷ್ಟನ್ನೇ ಕಾಣುವ ಊಟದಲ್ಲಿ ಅದೂ ದೊರೆಯುವುದು ಕಷ್ಟ. ಯಕೃತ್ತಿನಲ್ಲಿ ಇದರ ದಾಸ್ತಾನು ಕೆಲವು ವರ್ಷಗಳಿಗೆ ಸಾಲುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಶುಗರ್‌ಗೆ ಎಲ್ಲೆಡೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ದೀರ್ಘಕಾಲ ಸೇವಿಸುವವರಲ್ಲಿ ಬಿ12 ಇನ್ನಷ್ಟು ಕುಗ್ಗಬಹುದು. ಹಾಗೆಂದು ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ರಕ್ತ ಪರೀಕ್ಷೆಗಾಗಿ ವೈದ್ಯರನ್ನು ಕೇಳಬೇಕು. ಪರೀಕ್ಷೆಗೆ ಮೊದಲೇ ಬಿ12 ನುಂಗಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಇನ್ನೂ ಗಂಭೀರವಾದ ಮಾತೆಂದರೆ, ‘ನರದ ಮಾತ್ರೆ’ಗಳಲ್ಲಿ ಸಾಮಾನ್ಯವಾಗಿರುವ ಬಿ6 ಅನ್ನು ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇವಿಸಿದರೆ ಅದೇ ನರಗಳಿಗೆ ಹಾನಿ ಮಾಡಿ ಜೋಮು ತರಬಲ್ಲದು.

ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವವರಿಗೆ ಮೊಣಕಾಲಿನ ಹೊರಬದಿಯ ನರ ಒತ್ತಿಹೋಗಿ ಪಾದ ಮೇಲೆತ್ತಲಾಗದೆ ಜೋತುಬೀಳುವುದುಂಟು. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಇದನ್ನು ತಡೆಯಬಹುದು, ಕೆಲಸ ಮಾಡಿಸುವವರೂ ಅದಕ್ಕೆ ಅವಕಾಶ ಕೊಡಬೇಕು. ಮದ್ಯ ನರಗಳಿಗೆ ನೇರವಾಗಿಯೇ ವಿಷ. ನಿದ್ದೆ, ನಡಿಗೆ, ರಕ್ತದೊತ್ತಡದ ಹತೋಟಿ ಇವುಗಳ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆಯುತ್ತಿರುವುದರಿಂದ ನಾನು ವಿಸ್ತರಿಸುವುದಿಲ್ಲ.

ಆರೋಗ್ಯ ಇಲಾಖೆಗೆ ನನ್ನದೊಂದು ಕೋರಿಕೆ ಇದೆ. ಪಾದದ ಸ್ಪರ್ಶಜ್ಞಾನವನ್ನು ಅಳೆಯಲು 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ ಸಾಕು. ಅದನ್ನು ಅಂಗಾಲಿನ ಕೆಲವು ಜಾಗಗಳಿಗೆ ಒತ್ತಿದಾಗ ರೋಗಿಗೆ ತಿಳಿಯದಿದ್ದರೆ ಪಾದ ಅಪಾಯದಲ್ಲಿದೆಯೆಂದು ಗೊತ್ತಾಗುತ್ತದೆ. ವಿದ್ಯುತ್ ಬೇಡ, ಯಂತ್ರ ಬೇಡ, ಕೆಲವೇ ನಿಮಿಷಗಳ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಶುಗರ್ ಮಾತ್ರೆಗೆಂದು ಬರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆಯಾದರೂ ಚಪ್ಪಲಿ ಬಿಚ್ಚಿಸಿ ಈ ಪರೀಕ್ಷೆ ಮಾಡಬೇಕು. ಗೃಹ ಆರೋಗ್ಯ ಯೋಜನೆಯಡಿ ಮನೆ ಬಾಗಿಲಿಗೆ ಬಂದು ರಕ್ತದೊತ್ತಡ, ಶುಗರ್ ನೋಡುವ ಸಿಬ್ಬಂದಿಯ ಕೈಯಲ್ಲೂ ಈ ಎಳೆ ತಪ್ಪದೆ ಇರಬೇಕು, ಮತ್ತು ಪರೀಕ್ಷೆಯ ಫಲಿತಾಂಶವನ್ನು ರೋಗಿಯ ಚೀಟಿಯಲ್ಲಿ ಶುಗರ್ ಅಂಕಿಯ ಪಕ್ಕದಲ್ಲೇ ಬರೆದುಕೊಡಬೇಕು.

— ಒಬ್ಬ ಫಾರ್ಮಸಿಸ್ಟ್, ತಿಪಟೂರು