ಅಪ್ಪ ಕೇಳಿದ ಪ್ರಶ್ನೆಗೆ

ಟೊಲಿಡೊ, ಒಹಾಯೊ
ನವೆಂಬರ್ 16, ಭಾನುವಾರ

ಪ್ರೀತಿಯ ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾನಿಲ್ಲಿ ಕ್ಷೇಮ. ಚಳಿ ಹಿಡಿದಿದೆ, ಐದೂವರೆಗೆಲ್ಲ ಕತ್ತಲಾಗುತ್ತದೆ. ಅಮ್ಮ ಕಟ್ಟಿಕೊಟ್ಟ ಮೆಂತ್ಯದ ಹಿಟ್ಟು ಇನ್ನೂ ಅರ್ಧ ಡಬ್ಬಿ ಇದೆ, ಚಿಂತೆ ಬೇಡ.

ಅಪ್ಪ, ಹೋದ ಭಾನುವಾರ ಫೋನಿನಲ್ಲಿ ನೀವು ಕೇಳಿದ್ದಕ್ಕೆ ನನಗೆ ಆಗ ಉತ್ತರ ಹೊಳೆಯಲಿಲ್ಲ. ನಾನು ಮನೆಯಲ್ಲಿ ಬಿಟ್ಟುಬಂದ ಪುಸ್ತಕದಲ್ಲಿ ಅಮೆರಿಕದ ಲೇಖಕ ಹೆಮಿಂಗ್ವೆಯ ಆ ರೈಲ್ವೆ ಸ್ಟೇಷನ್ನಿನ ಕಥೆ ಓದಿ, "ಇಬ್ಬರು ಕೂತು ಬಿಯರ್ ಕುಡೀತಾರೆ, ರೈಲು ಬರೋದ್ರೊಳಗೆ ಮುಗಿದೇ ಹೋಯ್ತು. ಕಥೆ ಎಲ್ಲಿ ಮಗಳೇ?" ಅಂದಿರಿ. ಆಮೇಲೆ ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದಿರಂತೆ. ಅಮ್ಮ ಪೂರ್ತಿ ಕೇಳಿ, "ಪಾಪ, ಆ ಹುಡುಗಿಗೆ ತಾಯಿ ಇಲ್ವಾ?" ಅಂದಳಂತೆ. ನೀವು ಇದನ್ನು ಹಾಗೇ ದಾಟಿಸಿ ಅಡಿಕೆ ಕೊಯ್ಲಿನ ಮಾತಿಗೆ ಹೋದಿರಿ. ನನಗೆ ಮಾತ್ರ ವಾರವೆಲ್ಲ ಅದೇ ಕಿವಿಯಲ್ಲಿತ್ತು. ನಿಮ್ಮ ಪ್ರಶ್ನೆಗೆ ಅಮ್ಮನ ಆ ಒಂದು ಮಾತೇ ಉತ್ತರ ಅನ್ನಿಸುತ್ತದೆ.

ಆ ಕಥೆ 1927ರದ್ದು. ಸ್ಪೇನಿನ ಎಬ್ರೊ ನದಿಯ ಕಣಿವೆ, ಸುಡುಬಿಸಿಲು, ಎರಡು ಹಳಿಗಳ ನಡುವೆ ಒಂದು ಸ್ಟೇಷನ್ನು. ಬಾರ್ಸಿಲೋನದಿಂದ ರೈಲು ಬರಲು 40 ನಿಮಿಷ. ಒಬ್ಬ ಅಮೆರಿಕನ್, ಒಬ್ಬಳು ಹುಡುಗಿ. ಅವನು ಅವಳಿಗೆ ಒಂದು ಆಪರೇಷನ್ ಮಾಡಿಸಿಕೋ ಎನ್ನುತ್ತಿದ್ದಾನೆ. ಬಹಳ ಸರಳವಾದದ್ದು ಅಂತಾನೆ, ನಿನಗೆ ಇಷ್ಟವಿಲ್ಲದಿದ್ದರೆ ಬೇಡ ಅಂತಾನೆ, ಮತ್ತೆ ಅಲ್ಲಿಗೇ ಬರುತ್ತಾನೆ. ಯಾವ ಆಪರೇಷನ್ ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಮಗು, ಬಸಿರು, ಒಂದು ಮಾತೂ ಇಲ್ಲ. ಅವಳು ಅತ್ತಳು ಅಂತಲೂ ಇಲ್ಲ. ಕೊನೆಗೆ ತಡೆಯಲಾರದೆ "ದಯವಿಟ್ಟು" ಅನ್ನುವ ಮಾತನ್ನು ಒಂದೇ ಉಸಿರಿಗೆ ಏಳು ಸಲ ಹೇಳಿ, ಮಾತು ನಿಲ್ಲಿಸು ಅಂತ ಬೇಡಿಕೊಳ್ಳುತ್ತಾಳೆ. ಆ ಏಳರಲ್ಲಿ ಒಂದನ್ನು ತೆಗೆದರೂ ಕಥೆ ಸೊರಗುತ್ತದೆ. ಇಂಗ್ಲಿಷ್ ಬಾರದ ಅಮ್ಮ ಸಾಗರದ ಅಡುಗೆಮನೆಯಲ್ಲಿ ಕೂತು ಇಷ್ಟನ್ನೂ ಕೇಳಿಸಿಕೊಂಡಳಲ್ಲ!

ಕಡೆಯಲ್ಲಿ ಅವನು, ಈಗ ಹೇಗಿದ್ದೀಯ ಅಂತ ಕೇಳುತ್ತಾನೆ. ಚೆನ್ನಾಗಿದ್ದೀನಿ, ನನಗೇನೂ ಆಗಿಲ್ಲ, ಚೆನ್ನಾಗಿದ್ದೀನಿ ಅಂತಾಳೆ. ಅಪ್ಪ, ಎರಡು ವರ್ಷದ ಹಿಂದೆ ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆದಾಗ ನೀವಿಬ್ಬರೂ ನನಗೆ ಹೇಳಿರಲಿಲ್ಲ. ಆ ವಾರ ಫೋನಿನಲ್ಲಿ ಅಮ್ಮ "ನಂಗೇನಾಗಿದೆ, ಚೆನ್ನಾಗೇ ಇದ್ದೀನಿ" ಅಂತ ಕೇಳದೆಯೇ ಎರಡು ಸಲ ಹೇಳಿದ್ದಳು. ನನಗೆ ತಿಳಿಯಲಿಲ್ಲ. ಈಗ ಆ ಕಥೆಯ ಕೊನೆಯ ಸಾಲಿಗೆ ಬಂದಾಗಲೆಲ್ಲ ಅಮ್ಮನ ದನಿಯಲ್ಲೇ ಕೇಳುತ್ತದೆ.

ಹೀಗೆ ಬಾಯಿಬಿಟ್ಟು ಹೇಳದೆ ತಿಳಿಸುವುದನ್ನು ಹೆಮಿಂಗ್ವೆ ಕಲಿತ ದಾರಿ ನಿಮಗೆ ಇಷ್ಟವಾದೀತು. ಹದಿನೆಂಟರ ವಯಸ್ಸಿನಲ್ಲಿ, 1917ರಲ್ಲಿ, ಕಾನ್ಸಸ್ ಸಿಟಿಯ ಒಂದು ಪತ್ರಿಕೆಯಲ್ಲಿ ವರದಿಗಾರನಾಗಿ ಸೇರಿದ. ವಾಕ್ಯ ಚಿಕ್ಕದಿರಲಿ, ಮೊದಲ ಪ್ಯಾರಾ ಚಿಕ್ಕದಿರಲಿ ಅಂತ ಅಲ್ಲಿ ಬರೆದೇ ಕೊಟ್ಟಿದ್ದರು. ಮರುವರ್ಷ ಇಟಲಿಯ ಯುದ್ಧಭೂಮಿಯಲ್ಲಿ ಗಾಯಗೊಂಡ. ತ್ಯಾಗ, ಕೀರ್ತಿ ಅಂಥ ದೊಡ್ಡ ಮಾತುಗಳೆಲ್ಲ ಆ ಯುದ್ಧದಲ್ಲಿ ಸವೆದುಹೋಗಿದ್ದವು. ಕಡಲಲ್ಲಿ ತೇಲುವ ಹಿಮಬಂಡೆಯಲ್ಲಿ ಎಂಟನೇ ಒಂದು ಪಾಲು ಮಾತ್ರ ನೀರಿನ ಮೇಲಿರುವುದರಿಂದಲೇ ಅದರ ಚಲನೆಗೆ ಆ ಗಾಂಭೀರ್ಯ ಅಂತ 1932ರಲ್ಲಿ ಬರೆದ. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಜೊತೆಗೇ ಅವನು ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ: ಗೊತ್ತಿದ್ದು ಬಿಟ್ಟರೆ ಓದುಗನಿಗೆ ಅದು ತಾಗುತ್ತದೆ, ಗೊತ್ತಿಲ್ಲದೆ ಬಿಟ್ಟರೆ ಬರಹ ಟೊಳ್ಳಾಗುತ್ತದೆ.

ನಾನಿರುವ ಟೊಲಿಡೊಗೆ ಅಂಟಿಕೊಂಡೇ ಇರುವ ಮಿಶಿಗನ್ ರಾಜ್ಯದಲ್ಲಿ ನಡೆಯುವ ಅವನ ಇನ್ನೊಂದು ಕಥೆಯಿದೆ, 1925ರದ್ದು. ನಿಕ್ ಅನ್ನುವ ಹುಡುಗ ಸೀನಿ ಅನ್ನುವ ಊರಲ್ಲಿ ರೈಲಿಳಿಯುತ್ತಾನೆ. ಊರು ಸುಟ್ಟು ಕರಕಲಾಗಿದೆ. ಅಲ್ಲಿನ ಮಿಡತೆಗಳೂ ಕಪ್ಪಗಾಗಿವೆ. ಹೊಳೆದಂಡೆಯಲ್ಲಿ ಗುಡಾರ ಹಾಕಿ ಮೀನು ಹಿಡಿಯುತ್ತಾನೆ, ಅಷ್ಟೇ. ಯುದ್ಧದಿಂದ ಮರಳಿದವನ ಕಥೆ ಅದು, ಯುದ್ಧದ ಹೆಸರೇ ಇಲ್ಲ. ಡಬ್ಬಿಯ ಹುರುಳಿಕಾಳಿನಂಥದ್ದನ್ನೂ ಸ್ಪ್ಯಾಗೆಟ್ಟಿಯನ್ನೂ ಬಿಸಿಮಾಡಿ ತಟ್ಟೆಗೆ ಸುರಿದುಕೊಳ್ಳುತ್ತಾನೆ, ತಿನ್ನದೆ ಕಾಯುತ್ತಾನೆ. ನಾಲಿಗೆ ಸುಟ್ಟುಕೊಂಡು ಇದನ್ನೆಲ್ಲ ಹಾಳುಮಾಡಿಕೊಳ್ಳುವುದು ಬೇಡ ಅಂತ. ಮನಸ್ಸು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಅಂತ ಆ ತಟ್ಟೆಯೊಂದರಿಂದಲೇ ಗೊತ್ತಾಗುತ್ತದೆ.

ಅಮ್ಮನಿಗೆಂದು ಇದನ್ನು ಕನ್ನಡಕ್ಕೆ ತರಲು ಕೂತಿದ್ದೆ. ತುಂಬ ಕಷ್ಟವಾಯಿತು. ನಮ್ಮ ಭಾಷೆ ಕೆಲಸಗಳನ್ನು ಹೂವಿನ ಹಾಗೆ ಕಟ್ಟುತ್ತದೆ: ಗೂಟ ಹೊಡೆದು, ಹಗ್ಗ ಬಿಗಿದು, ಒಳಗೆ ತೆವಳಿ, ಹಾಸಿ ಮಲಗಿದ. ಒಂದೇ ಉಸಿರು. ಹೆಮಿಂಗ್ವೆ ಹಾಗೆ ಕಟ್ಟುವುದಿಲ್ಲ. ಗೂಟ ಹೊಡೆದ. ಹಗ್ಗ ಬಿಗಿದ. ಒಳಗೆ ತೆವಳಿದ. ಪ್ರತಿ ಕೆಲಸವೂ ಬೇರೆ ಬೇರೆ ನಿಂತಿರುತ್ತದೆ, ಒಂದರಿಂದ ಇನ್ನೊಂದಕ್ಕೆ ನಿಕ್ ಹುಷಾರಾಗಿ ಕಾಲಿಡುತ್ತಿದ್ದಾನೆ ಅನ್ನಿಸುತ್ತದೆ. 'ಹೊಡೆದು, ಬಿಗಿದು' ಅಂದಕೂಡಲೇ ಅವನ ಕಾಯಿಲೆ ವಾಸಿಯಾಗಿಬಿಡುತ್ತದೆ! ಮೂರು ಪುಟ ಮಾಡಿ ನಿಲ್ಲಿಸಿದ್ದೇನೆ.

ಆ ಕಾಲದ ಬೇರೆ ಅಮೆರಿಕನ್ ಲೇಖಕರು ಬೇರೆ ದಾರಿ ಹಿಡಿದರು. ಫಾಕ್ನರ್ ಎಮಿಲಿ ಎಂಬ ಒಂಟಿ ಹೆಂಗಸಿನ ಕಥೆಯನ್ನು (1930) 'ನಾವು' ಅಂತ ಇಡೀ ಊರಿನ ಬಾಯಲ್ಲಿ ಹೇಳಿಸುತ್ತಾನೆ, ಕಾಲವನ್ನು ಹಿಂದುಮುಂದು ಮಾಡುತ್ತಾನೆ. ಕೊನೆಯನ್ನು ನಾನು ಹೇಳುವುದಿಲ್ಲ, ನೀವೇ ಓದಿ. ಕ್ಯಾಥರಿನ್ ಆನ್ ಪೋರ್ಟರ್ ಬರೆದ ಅಜ್ಜಿಯ ಕಥೆಯನ್ನು ಮಾತ್ರ ಅಮ್ಮನಿಗೆ ಈಗ ಹೇಳಬೇಡಿ. ಸಾವಿನ ಹಾಸಿಗೆಯಲ್ಲಿರುವ ಎಂಬತ್ತರ ಹತ್ತಿರದ ಮುದುಕಿ, 60 ವರ್ಷದ ಹಿಂದೆ ಮದುವೆಯ ದಿನ ಬಾರದೇಹೋದ ಗಂಡನ್ನು ಇನ್ನೂ ಮರೆತಿಲ್ಲ. ನಮ್ಮ ಅಜ್ಜಿ ಹೋಗಿ ಇನ್ನೂ ವರ್ಷ ತುಂಬಿಲ್ಲವಲ್ಲ.

ಹೆಮಿಂಗ್ವೆ, ಫಾಕ್ನರ್ ಇಬ್ಬರಿಗೂ ದಾರಿ ಮಾಡಿಕೊಟ್ಟವನು ಶೆರ್ವುಡ್ ಆಂಡರ್ಸನ್ ಎಂಬ ಲೇಖಕ, ಇದೇ ಒಹಾಯೊದವನು. ಹೆಮಿಂಗ್ವೆ ಪ್ಯಾರಿಸ್ಸಿಗೆ ಹೊರಟಾಗ ಪರಿಚಯಪತ್ರ ಬರೆದುಕೊಟ್ಟ, ಫಾಕ್ನರನ ಮೊದಲ ಕಾದಂಬರಿ ಅಚ್ಚಾಗಲು ನೆರವಾದ. ನನಗೆ ಇವರೆಲ್ಲರಿಗಿಂತ ಹತ್ತಿರದವನು ಇವನೇ. ಅವನು ಬೆಳೆದ ಕ್ಲೈಡ್ ಇಲ್ಲಿಂದ ಕಾರಿನಲ್ಲಿ ಗಂಟೆಯ ದಾರಿ, ನಿನ್ನೆ ಹೋಗಿದ್ದೆ. ಕೊಯ್ಲು ಮುಗಿದ ಜೋಳದ ಹೊಲಗಳು, ಇಟ್ಟಿಗೆಯ ಅಂಗಡಿಸಾಲು, ಊರ ನಡುವೆ ರೈಲುಹಳಿ, ವಾಷಿಂಗ್ ಮಷೀನಿನ ದೊಡ್ಡ ಕಾರ್ಖಾನೆ. ಅವನ ಅಪ್ಪ ಕುದುರೆಯ ಜೀನು, ಲಗಾಮು ಹೊಲಿಯುತ್ತಿದ್ದವರು. ಕಾರ್ಖಾನೆಯ ಸರಕು ಬಂದು ಆ ಕಸುಬು ಹೋಯಿತು, ಬೋರ್ಡು ಬರೆಯಲು ಹೊರಟರು. ಮಗ ದೊಡ್ಡವನಾಗಿ ಬಣ್ಣದ ವ್ಯಾಪಾರ ಮಾಡಿದ. 1912ರ ನವೆಂಬರಿನಲ್ಲಿ ಒಂದು ದಿನ ಆಫೀಸಿನಿಂದ ಎದ್ದು ನಡೆದುಬಿಟ್ಟ, ನಾಲ್ಕು ದಿನದ ಮೇಲೆ ಕ್ಲೀವ್‌ಲ್ಯಾಂಡಿನಲ್ಲಿ ಸಿಕ್ಕಿದ. ಆಮೇಲೆ ಶಿಕಾಗೊದ ಬಾಡಿಗೆ ಕೋಣೆಯಲ್ಲಿ, ಜಾಹೀರಾತು ಬರೆಯುವ ನೌಕರಿ ಮಾಡುತ್ತಲೇ, ಒಂದೇ ಊರಿನ ಜನರ ಮೇಲೆ ಕಥೆ ಬರೆದ. 1919ರಲ್ಲಿ ಪುಸ್ತಕವಾಯಿತು.

ಅದರಲ್ಲಿ 'ಕೈಗಳು' ಅಂತ ಒಂದು ಕಥೆ. ನಿಮ್ಮ ಹಾಗೇ ಒಬ್ಬ ಮೇಷ್ಟ್ರ ಕಥೆ, ಅಪ್ಪ. ಮಾತಾಡುವಾಗ ಮಕ್ಕಳ ಹೆಗಲು ಸವರುವುದು, ತಲೆಗೂದಲು ಕೆದರುವುದು ಅವರ ಅಭ್ಯಾಸ. ತಿಳಿಗೇಡಿ ಹುಡುಗನೊಬ್ಬ ಮೇಷ್ಟ್ರ ಬಗ್ಗೆ ಏನೋ ಕೆಟ್ಟ ಕನಸು ಕಂಡು, ಅದೇ ನಿಜವೆಂದು ಬಾಯಿಬಿಡುತ್ತಾನೆ. ಊರವರು ರಾತ್ರಿ ಹಗ್ಗ ಹಿಡಿದು ಬರುತ್ತಾರೆ. ಮೇಷ್ಟ್ರು ಓಡಿಹೋಗಿ, ಗೂಡ್ಸ್ ಶೆಡ್ಡಿನ ಪೆಟ್ಟಿಗೆಯೊಂದರ ಮೇಲಿದ್ದ ಹೆಸರನ್ನೇ ತನ್ನದು ಮಾಡಿಕೊಂಡು 20 ವರ್ಷ ಬೇರೆ ಊರಲ್ಲಿ ಬದುಕುತ್ತಾರೆ. ಅದೇ ಕೈಗಳು ಅಲ್ಲಿ ದಿನಕ್ಕೆ 140 ಕ್ವಾರ್ಟ್ ಸ್ಟ್ರಾಬೆರಿ ಬಿಡಿಸಿ ಹೆಸರಾಗುತ್ತವೆ. ಕ್ವಾರ್ಟ್ ಅಂದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು. ಕೈಯನ್ನು ಜೇಬಿನಲ್ಲಿ ಬಚ್ಚಿಡುತ್ತಾರೆ. ಕಡೆಗೆ ರಾತ್ರಿ ದೀಪವನ್ನು ಗಿಡ್ಡ ಸ್ಟೂಲಿನ ಮೇಲಿಟ್ಟು, ಮೊಣಕಾಲೂರಿ, ನೆಲಕ್ಕೆ ಬಿದ್ದ ಬ್ರೆಡ್ಡಿನ ಚೂರುಗಳನ್ನು ಒಂದೊಂದೇ ಆಯ್ದು ಬಾಯಿಗಿಡುತ್ತಾರೆ. ಜಪಮಣಿ ಎಣಿಸುವವರ ಬೆರಳಿನ ಹಾಗೆ ಕಾಣುತ್ತದಂತೆ. ಅಷ್ಟೇ. ತಪ್ಪಿತ್ತೋ ಇಲ್ಲವೋ ಅಂತ ಬರೆದವನು ವಾದಿಸುವುದಿಲ್ಲ.

ಲೆಕ್ಕ ಸರಿಮಾಡಿದ ಹುಡುಗರ ಬೆನ್ನು ತಟ್ಟಿ ತಟ್ಟಿ, ನಿಮ್ಮ ಐದು ಬೆರಳೂ ಸೀಮೆಸುಣ್ಣದಲ್ಲಿ ಅವರ ಅಂಗಿಯ ಮೇಲೆ ಮೂಡಿರುತ್ತಿತ್ತು. ಅಮ್ಮಂದಿರು ಒಗೆಯುವಾಗ ಬೈಯುತ್ತಿದ್ದರು. ಈ ಕಥೆ ಓದುವಾಗ ನನಗೆ ಆ ಅಂಗಿಗಳು ಕಾಣುತ್ತವೆ, ಎದೆ ಹಿಡಿದಂತಾಗುತ್ತದೆ.

ಡಿಸೆಂಬರಿನಲ್ಲಿ ಇಲ್ಲಿನ ಗೆಳತಿ ಶಿವಮೊಗ್ಗಕ್ಕೆ ಬರುತ್ತಾಳೆ, ಅವಳ ಕೈಯಲ್ಲಿ ಈ ಪುಸ್ತಕ ಕಳಿಸುತ್ತೇನೆ. ಕಥೆಯ ಪುಟಕ್ಕೆ ಕ್ಲೈಡಿನ ರಸ್ತೆಯಲ್ಲಿ ಸಿಕ್ಕಿದ ಮೇಪಲ್ ಎಲೆ ಇಟ್ಟಿದ್ದೇನೆ. ನಿಧಾನವಾಗಿ ಓದಿ, ರಾತ್ರಿ ಊಟ ಆದಮೇಲೆ ಅಮ್ಮನಿಗೆ ಹೇಳಿ. ಏನೂ ಸೇರಿಸಬೇಡಿ. ಅಮ್ಮ ಏನು ಕೇಳಿದಳು ಅನ್ನೋದನ್ನು ಅವಳ ಮಾತಿನಲ್ಲೇ ನನಗೆ ಬರೆಯಿರಿ.

ಇಂತಿ ನಿಮ್ಮ ಮಗಳು,
ಪುಟ್ಟಿ