ಮಾಂಸಕ್ಕೆ ವೈರಸ್ ಸಿಂಪಡಿಸುವ ಸಂದೇಶದ ಬಗ್ಗೆ

ತೀರ್ಥಹಳ್ಳಿ, ಸಾಗರ ಸುತ್ತಿನ ಹೋಂಸ್ಟೇ ಅಡುಗೆ ಬಳಗದವರಿಗೆ ನಮಸ್ಕಾರ.

ನಿನ್ನೆ ಬಂದ "ಮಾಂಸಕ್ಕೆ ವೈರಸ್ ಸಿಂಪಡಿಸುತ್ತಾರಂತೆ" ಎಂಬ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಸುದ್ದಿಯೇನೋ ನಿಜ, ಗಾಬರಿ ಮಾತ್ರ ಅನಗತ್ಯ. ಆಹಾರದಿಂದ ಕಾಯಿಲೆ ತರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನು ತಡೆಯಲು ಅಮೆರಿಕ 2006ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಫೇಜ್ ಎಂಬ ಈ ವೈರಸ್ ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕುತ್ತದೆ. ನಮ್ಮ ಜೀವಕೋಶಗಳ ಗೊಡವೆಗೆ ಬರುವುದಿಲ್ಲ.

ಫೇಜ್ ತನಗೆ ಬೇಕಾದ ಬ್ಯಾಕ್ಟೀರಿಯಾದ ಗುರುತು ಹಿಡಿಯುವ ಬಗೆಯೇ ಸ್ವಾರಸ್ಯ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಮೈತುಂಬ ಸಕ್ಕರೆಯ ಸರಪಳಿಗಳಿರುತ್ತವೆ. ಪಿ22 ಎಂಬ ಫೇಜ್ ಬಾಲದ ಮುಳ್ಳುಗಳಿಂದ ಆ ಸರಪಳಿಯನ್ನು ಹಿಡಿದು, ಕತ್ತರಿಸುತ್ತಲೇ ಹೊರಪೊರೆಯ ತನಕ ಇಳಿದು, ತನ್ನ ಡಿಎನ್‌ಎಯನ್ನು ಒಳಕ್ಕೆ ತಳ್ಳುತ್ತದೆ. ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಮೇಲೆ ಬೀಳುವ ಟಿ4 ಎಂಬ ಫೇಜ್‌ನ ಪಟ್ಟು ಬೇರೆ: ಉದ್ದನೆಯ ಎಳೆಗಳಿಂದ ತಡವಿ ನೋಡಿ, ಹಿಡಿತ ಸಿಕ್ಕಿದ ಮೇಲೆ ಬಾಲದ ಕವಚವನ್ನು ಕುಗ್ಗಿಸಿ ಒಳಗಿನ ಕೊಳವೆಯನ್ನು ಬ್ಯಾಕ್ಟೀರಿಯಾದ ಮೈಗೆ ಚುಚ್ಚುತ್ತದೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಬ್ಯಾಕ್ಟೀರಿಯಾದೊಳಗೆ ಹುಟ್ಟಿದ ಹೊಸ ಫೇಜ್‌ಗಳು ಗೋಡೆಯೊಡೆದು ಹೊರಬರುತ್ತವೆ. ಬ್ಯಾಕ್ಟೀರಿಯಾ ತನ್ನ ಹೊರಮೈಯನ್ನು ಬದಲಿಸಿಕೊಂಡರೆ ಫೇಜ್‌ನ ಆಟ ನಡೆಯದು. ಅದಕ್ಕೇ ಹಲವು ಫೇಜ್‌ಗಳನ್ನು ಬೆರೆಸಿ ಬಳಸುವುದುಂಟು.

ನಮ್ಮ ಅಡುಗೆಮನೆಗೆ ಇದಾವುದೂ ಸದ್ಯಕ್ಕೆ ಬೇಕಿಲ್ಲ. ಮಳೆಗಾಲ ಮುಗಿಯುವವರೆಗೆ ಅತಿಥಿಗಳಿಗೆ ಬಾವಿಯ ನೀರನ್ನು ಕುದಿಸಿಯೇ ಕೊಡಿ. ಕೋಳಿ ಹೆಚ್ಚಿದ ಮೆಟ್ಟುಗತ್ತಿಯಲ್ಲಿ ಸೌತೆಕಾಯಿ ಹೆಚ್ಚಬೇಡಿ. ಪ್ರಶ್ನೆಗಳಿದ್ದರೆ ಇಲ್ಲಿಯೇ ಕೇಳಿ, ರಾತ್ರಿ ಹತ್ತರ ಮೇಲೆ ಮಾತ್ರ ಬೇಡ.